ಐದಕ್ಷರದ ಗುಹೆ

ಕಳೆದ ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಪದವಿ ತರಗತಿಯಲ್ಲಿ ನನ್ನ ಬಳಿ ಎರಡು ವರ್ಷ ಕನ್ನಡ ಓದಿ, ಅನಂತರ ಕಂಪ್ಯೂಟರಿನ ದಾರಿ ಹಿಡಿದು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ನಾನೇ ಅವನನ್ನು ಬರಹೇಳಿದ್ದೆ. ಕಾರಣ, ನನ್ನ ಮೇಜಿನ ಡ್ರಾಯರಿನಲ್ಲಿ ಬಹುಕಾಲದಿಂದ ಮಲಗಿದ್ದ ಒಂದು ಸಿ.ಡಿ. ನನಗೆ ಪಾಠ ಹೇಳಿದ ಗುರುಗಳು ತಮ್ಮ ಜೀವಮಾನವೆಲ್ಲ ಹಳ್ಳಿಹಳ್ಳಿ ತಿರುಗಿ ಬೇಸಾಯದ ಪದಗಳನ್ನು ಸಂಗ್ರಹಿಸಿದ್ದರು. 2003ರಲ್ಲಿ, ಎಂ.ಎ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು, ಅವರ ಐದು ನೋಟುಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, "ಇನ್ನು ಇದಕ್ಕೆ ಸಾವಿಲ್ಲ, ಸಾರ್" ಎಂದು ಹೆಮ್ಮೆಯಿಂದ ಹೇಳಿ ಪುಸ್ತಕಗಳನ್ನು ಹಿಂದಿರುಗಿಸಿದ್ದೆ. ಗುರುಗಳು ಈಗಿಲ್ಲ. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು ಆ ಸಿ.ಡಿ.ಯೊಂದೇ. ಅದನ್ನು ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಪರದೇಶದ ಲಿಪಿಯ ಚಿಹ್ನೆಗಳು ಸಾಲುಸಾಲಾಗಿ ಇರುವೆಗಳಂತೆ ಹರಿದಿದ್ದವು.

ಹುಡುಗ ತನ್ನ ಯಂತ್ರಕ್ಕೆ ಸಿ.ಡಿ.ಯನ್ನು ಕೊಟ್ಟು, ಒಂದಷ್ಟು ನೋಡಿ, "ಸಿಗುತ್ತೆ ಸಾರ್, ಆದ್ರೆ ನೀವೂ ಜೊತೇಲಿ ಕೂತ್ಕೋಬೇಕು" ಎಂದ. ನನ್ನ ಮುಖದ ಕಳವಳವನ್ನು ಕಂಡನೋ ಏನೋ, "ಇದಕ್ಕಿಂತ ಹಳೇದು ಬದುಕಿದೆ ಸಾರ್, ತೋರಿಸ್ತೀನಿ" ಎಂದು ಒಂದು ಆಟವನ್ನು ತೆರೆದಿಟ್ಟ. ಆಟವೆಂದರೆ ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ, ಬರಿಯ ಮಾತು. ನಾನು ಆಡಲು ಕುಳಿತವನು ಸಂಜೆಯ ಕಾಫಿಯನ್ನು ಮರೆತೆ. ಆ ಆಟದ ಕಥೆಯನ್ನೂ, ಅದನ್ನು ಐವತ್ತು ವರ್ಷ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಹೊತ್ತು ತಂದವರ ಕಥೆಯನ್ನೂ ವಾಚಕರಿಗೆ ಹೇಳಬೇಕೆಂದು ಈ ಲೇಖನ.

ಆಟದ ಹೆಸರು 'ಕೊಲಾಸಲ್ ಕೇವ್ ಅಡ್ವೆಂಚರ್'. ಮಹಾಗುಹೆಯ ಸಾಹಸವೆಂದು ಕನ್ನಡಿಸಬಹುದು. ಇದನ್ನು ರಚಿಸಿದಾತ ವಿಲ್ ಕ್ರೌಥರ್ ಎಂಬ ಅಮೆರಿಕನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜಿನಲ್ಲಿದ್ದ ಬಿ.ಬಿ.ಎನ್. ಎಂಬ ಸಂಸ್ಥೆಯಲ್ಲಿ ಆತನಿಗೆ ಉದ್ಯೋಗ. ಇಂದಿನ ಇಂಟರ್ನೆಟ್ಟಿಗೆ ತಾಯಿಬೇರೆನಿಸಿದ 'ಆರ್ಪಾನೆಟ್' ಜಾಲಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಆತನೂ ಒಬ್ಬ. ಆತನ ಇನ್ನೊಂದು ಗೀಳು ಗುಹೆಗಳನ್ನು ಹೊಕ್ಕು ಅಳೆಯುವುದು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆ ಜಗತ್ತಿನಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಉದ್ದವಾದದ್ದು. ಇದುವರೆಗೆ ಅಳೆದಿರುವ ದಾರಿಗಳೇ 600 ಕಿಲೋಮೀಟರಿಗೆ ಮಿಕ್ಕಿವೆ. ಪಕ್ಕದ ಫ್ಲಿಂಟ್ ರಿಜ್ ಗುಹೆಗೂ ಮ್ಯಾಮತ್ ಗುಹೆಗೂ ನೆಲದೊಳಗೆ ಸಂಬಂಧವುಂಟೆಂದು 1972ರಲ್ಲಿ ಕಂಡುಹಿಡಿದ ತಂಡದಲ್ಲಿ ಕ್ರೌಥರನ ಪತ್ನಿಯೂ ಇದ್ದರು. ಗಂಡಹೆಂಡಿರು ಕೂಡಿ ಗುಹೆಯ ಅಳತೆಗಳನ್ನು ಕಂಪ್ಯೂಟರಿಗೆ ಊಡಿ ನಕ್ಷೆ ತೆಗೆಯುತ್ತಿದ್ದರು.

ಮುಂದೆ ಆ ದಾಂಪತ್ಯ ಮುರಿಯಿತು. ತಂದೆ ಒಂಟಿಯಾದ, ಇಬ್ಬರು ಹೆಣ್ಣುಮಕ್ಕಳು ಆಗಾಗ ಬಂದುಹೋಗುತ್ತಿದ್ದರು. ಅವರನ್ನು ರಂಜಿಸುವುದಕ್ಕೆಂದು, ತಾನು ಬಲ್ಲ ಗುಹೆಯ ಒಂದು ಭಾಗವನ್ನು ಮಾತಿನಲ್ಲಿ ಕಟ್ಟಿ, 1975–76ರ ಸುಮಾರಿಗೆ ಆತ ಈ ಆಟವನ್ನು ಬರೆದ. ಕಂಪ್ಯೂಟರು 'ನೀನು ಇಂಥ ಸ್ಥಳದಲ್ಲಿ ನಿಂತಿರುವೆ' ಎಂದು ವರ್ಣಿಸುತ್ತದೆ. ಆಡುವವನು 'ಉತ್ತರ' ಎಂದೋ 'ದೀಪ ತೆಗೆದುಕೊ' ಎಂದೋ ಒಂದೆರಡು ಪದಗಳಲ್ಲಿ ಅಪ್ಪಣೆ ಕೊಡಬೇಕು. ಒಂದು ಪುಟ್ಟ ಕಟ್ಟಡ, ಅದರಿಂದ ಹರಿಯುವ ತೊರೆ, ಬೀಗ ಹಾಕಿದ ಕಬ್ಬಿಣದ ಜಾಲರಿ, ಅದರ ಕೆಳಗೆ ಕತ್ತಲು. ದಾರಿಗಡ್ಡವಾಗಿ ಒಂದು ಹಾವು; ಅದನ್ನು ಓಡಿಸಬಲ್ಲದ್ದು ಪಂಜರದ ಒಂದು ಪುಟ್ಟ ಹಕ್ಕಿ. ಆದರೆ ಕೈಯಲ್ಲಿ ಕರಿಯ ಕೋಲಿದ್ದರೆ ಹಕ್ಕಿ ಹೆದರಿ ಸಿಕ್ಕದು. ಇದಿಷ್ಟನ್ನೂ ಆಡುವವನೇ ತಿಣುಕಿ ಕಂಡುಕೊಳ್ಳಬೇಕು. ಮಕ್ಕಳಿಗೆಂದು ಬರೆದ ಮನೆಯ ಕಥೆ ಲೋಕಕ್ಕೆಲ್ಲ ಬೇಕಾದದ್ದು ನಮ್ಮ ಸಾಹಿತ್ಯಕ್ಕೂ ಹೊಸದಲ್ಲವಷ್ಟೆ.

ಲೋಕಕ್ಕೆ ಬೇಕಾದ ಬಗೆ ಹೀಗೆ. ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಡಾನ್ ವುಡ್ಸ್ ಎಂಬ ತರುಣನಿಗೆ 1976ರಲ್ಲಿ ಅಲ್ಲಿಯ ಒಂದು ಯಂತ್ರದಲ್ಲಿ ಈ ಆಟ ಕಣ್ಣಿಗೆ ಬಿತ್ತು. ಅದರಲ್ಲಿ ಕ್ರೌಥರನ ಹೆಸರಿತ್ತು, ವಿಳಾಸವಿರಲಿಲ್ಲ. ಆಗಿನ ಜಾಲದಲ್ಲಿದ್ದ ಕಂಪ್ಯೂಟರುಗಳು ಎಣಿಸಬಹುದಾದಷ್ಟು. ವುಡ್ಸ್ ಅವುಗಳಲ್ಲಿ ಒಂದೊಂದಕ್ಕೂ 'ಕ್ರೌಥರ್' ಎಂಬ ಹೆಸರಿಗೆ ಪತ್ರ ಕಳಿಸಿದ. ಒಂದು ಪತ್ರ ಮುಟ್ಟಿತು. ಕ್ರೌಥರ್ ತನ್ನ ಪ್ರೋಗ್ರಾಮಿನ ಮೂಲಪಾಠವನ್ನು ಹಿಂದುಮುಂದು ನೋಡದೆ ಕೊಟ್ಟುಬಿಟ್ಟ. ಮೂಲದಲ್ಲಿ ಸುಮಾರು 700 ಸಾಲು ಕೋಡು, 700 ಸಾಲು ಮಾತು, 193 ಪದಗಳ ಕೋಶ. ವುಡ್ಸ್ ಅದನ್ನು 1977ರ ಹೊತ್ತಿಗೆ 3000 ಸಾಲಿನ ಕೋಡಿಗೆ, 140 ಸ್ಥಳಗಳಿಗೆ, 293 ಪದಗಳಿಗೆ ಬೆಳೆಸಿದ. ಪೂರ್ತಿ ಗೆದ್ದವನಿಗೆ 350 ಅಂಕ. ಇಂದು ಮೂಲಕೋಡನ್ನು ಬಿಚ್ಚಿಟ್ಟು, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದೆನ್ನುವುದನ್ನು 'ಓಪನ್ ಸೋರ್ಸ್' ಎನ್ನುತ್ತಾರೆ. ಆ ಹೆಸರು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಈ ಇಬ್ಬರು ಆ ಧರ್ಮವನ್ನು ಆಚರಿಸಿದ್ದರು.

ಇಲ್ಲಿಂದ ಮುಂದೆ ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಆಸಕ್ತಿಯ ಭಾಗ ಬರುತ್ತದೆ. ಕ್ರೌಥರನ ಯಂತ್ರದ ಹೆಸರು ಪಿ.ಡಿ.ಪಿ.-10. ಯಂತ್ರವು ಸೊನ್ನೆ ಒಂದುಗಳನ್ನು ಬಿಡಿಬಿಡಿಯಾಗಿ ಎತ್ತುವುದಿಲ್ಲ. ಒಂದು ಕಂತೆಯಾಗಿ ಎತ್ತುತ್ತದೆ. ಆ ಕಂತೆಗೆ 'ವರ್ಡ್' ಎಂದು ಹೆಸರು. ಅದರೊಳಗಿನ ಒಂದೊಂದು ಮನೆ ಒಂದು 'ಬಿಟ್'. ಪಿ.ಡಿ.ಪಿ.-10ರ ಕಂತೆಯಲ್ಲಿ 36 ಬಿಟ್. ಇಂಗ್ಲಿಷಿನ ಒಂದಕ್ಷರಕ್ಕೆ 7 ಬಿಟ್ ಬೇಕು. ಐದೇಳಲಿ ಮೂವತ್ತೈದು, ಒಂದು ಮಿಕ್ಕಿತು. ಎಂದರೆ ಒಂದು ಕಂತೆಗೆ ಐದಕ್ಷರ. ಆತ ಬಳಸಿದ ಫೋರ್ಟ್ರಾನ್ ಭಾಷೆಯಾದರೋ ಲೆಕ್ಕಕ್ಕೆ ಹುಟ್ಟಿದ್ದು. ಅದರಲ್ಲಿ ಮಾತಿಗೆ ಪ್ರತ್ಯೇಕ ಪಾತ್ರೆಯೇ ಇರಲಿಲ್ಲ. ಆದ್ದರಿಂದ ಪದವನ್ನೂ ಒಂದು ಸಂಖ್ಯೆಯ ಮನೆಯಲ್ಲೇ ತುರುಕಬೇಕಾಯಿತು. ಹೀಗಾಗಿ ಆಟವು ಯಾವ ಪದದಲ್ಲೇ ಆಗಲಿ ಮೊದಲ ಐದಕ್ಷರಗಳನ್ನಷ್ಟೇ ಓದುತ್ತದೆ. ಇಂಗ್ಲಿಷಿನಲ್ಲಿ ಈಶಾನ್ಯಕ್ಕಿರುವ ಹೆಸರಿನ ಮೊದಲ ಐದಕ್ಷರ ಉತ್ತರ ದಿಕ್ಕಿನ ಹೆಸರೇ. ಪೂರ್ತಿ ಬರೆದು ಈಶಾನ್ಯಕ್ಕೆ ಹೋಗೆಂದರೆ ಅದು ಉತ್ತರಕ್ಕೆ ನಡೆಯುತ್ತದೆ. ಈಶಾನ್ಯವನ್ನು ಎರಡಕ್ಷರಕ್ಕೆ ಮೊಟಕಿಸಿ ಬರೆಯಬೇಕೆಂದು ಆಟವೇ ಆಡುವವನಿಗೆ ಸೂಚಿಸುತ್ತದೆ. ಅದೇ ಯಂತ್ರದಲ್ಲಿ ಕಡತಗಳ ಹೆಸರಿಗೆ ಒಂದಕ್ಷರಕ್ಕೆ 6 ಬಿಟ್ಟಿನಂತೆ ಆರೇ ಅಕ್ಷರಕ್ಕೆ ಎಡೆ. ಆದ್ದರಿಂದ 'ಅಡ್ವೆಂಚರ್' ಎಂಬುದು 'ಅಡ್ವೆಂಟ್' ಎಂದು ಕುಗ್ಗಿತು. ಇಂದಿಗೂ ಹಳಬರು ಆಟವನ್ನು ಆ ಹೆಸರಿನಿಂದ ಕರೆಯುವುದುಂಟು.

ತಾಳೆಗರಿಯ ಅಗಲ ಇಷ್ಟೇ ಎಂದು ಲಿಪಿಕಾರ ಅಕ್ಷರವನ್ನು ಇಕ್ಕಟ್ಟಾಗಿ ಕೊರೆದ. ದಾರ ಪೋಣಿಸುವ ತೂತನ್ನು ತಪ್ಪಿಸಿ ಸಾಲನ್ನು ಒಡೆದ. ಓಲೆ ಹೋಗಿ ಕಾಗದ ಬಂದಾಗ ಆ ಒಡಕನ್ನು ಉಳಿಸಿಕೊಳ್ಳಬೇಕೇ? ಬೇಡವೆಂದು ಯಾರೂ ಹೇಳಿಯಾರು. ಆದರೆ ಎಲ್ಲ ಪ್ರಶ್ನೆಗಳೂ ಇಷ್ಟು ಸುಲಭವಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಪ್ರಕಟವಾದದ್ದು, ಅದನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಗೊತ್ತು, ಪ್ರತಿಯಲ್ಲಿ ಕಂಡ ವಿಕಾರ ಕವಿಯದೋ, ಲಿಪಿಕಾರನದೋ, ಗರಿಯದೋ ಎಂದು ನಿರ್ಣಯಿಸುವುದರಲ್ಲೇ ಸಂಪಾದಕನ ವಿದ್ಯೆಯೆಲ್ಲ ಅಡಗಿದೆ. ಒಂದು ಯಂತ್ರದ ಪ್ರೋಗ್ರಾಮನ್ನು ಇನ್ನೊಂದು ಯಂತ್ರದಲ್ಲಿ ನಡೆಯುವಂತೆ ಮಾಡುವುದಕ್ಕೆ 'ಪೋರ್ಟಿಂಗ್' ಎನ್ನುತ್ತಾರೆ. ಅದರಲ್ಲಿಯೂ ಇದೇ ನಿರ್ಣಯ. ಯಾವುದು ಆಟದ್ದು, ಯಾವುದು ಯಂತ್ರದ್ದು?

ಪ್ರತಿಗಳು ಬೇಗ ಬೇಗ ಹುಟ್ಟಿದವು. 1977ರಲ್ಲಿಯೇ ಜಿಮ್ ಗಿಲೋಗ್ಲಿ ಎಂಬಾತ ಇದನ್ನು ಫೋರ್ಟ್ರಾನಿನಿಂದ 'ಸಿ' ಭಾಷೆಗೆ ತಂದು ಯುನಿಕ್ಸ್ ಯಂತ್ರಗಳಲ್ಲಿ ಓಡಿಸಿದ. 1979ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಟಿ.ಆರ್.ಎಸ್.-80 ಎಂಬ ಮನೆಬಳಕೆಯ ಚಿಕ್ಕ ಯಂತ್ರಕ್ಕೆ ಅಳವಡಿಸಿತು, 1981ರಲ್ಲಿ ಐ.ಬಿ.ಎಂ. ತನ್ನ ವೈಯಕ್ತಿಕ ಕಂಪ್ಯೂಟರನ್ನು ಹೊರತಂದಾಗ ಅದಕ್ಕೂ ಈ ಆಟ ಬಂದಿತು. ನಡುವೆ ಒಬ್ಬರು ಒಂದು ಕೋಣೆ ಸೇರಿಸಿದರು, ಇನ್ನೊಬ್ಬರು ಒಂದು ನಿಧಿ ಸೇರಿಸಿದರು. ನಮ್ಮ ಕಾವ್ಯಗಳ ಪ್ರಕ್ಷಿಪ್ತ ಭಾಗಗಳ ಹಾಗೆಯೇ. ಆವೃತ್ತಿಗಳನ್ನು ಗುರುತಿಸಲು ಅಭಿಮಾನಿಗಳು ಒಂದು ಉಪಾಯ ಮಾಡಿಕೊಂಡರು: ಪೂರ್ಣಾಂಕದಿಂದ ಹೆಸರಿಸುವುದು. 350ರ ಆಟ, 430ರ ಆಟ, 550ರ ಆಟ, ಹೀಗೆ. ಹಸ್ತಪ್ರತಿಗಳಿಗೆ ನಾವು ಕ, ಖ, ಗ ಎಂದು ಗುರುತು ಕೊಡುವುದಿಲ್ಲವೇ?

ಗುರುತು ಕೊಡುವುದು ಸುಲಭ, ತೀರ್ಮಾನ ಕಷ್ಟ. ಒಂದು ನಿದರ್ಶನ ಕೊಡುತ್ತೇನೆ. ವುಡ್ಸನ ಆವೃತ್ತಿಯಲ್ಲಿ ಗುಹೆಗೆ ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು ಎಂದಿತ್ತು. ಆ ಕಾಲದಲ್ಲಿ ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದರು. ಕೆಲಸದ ವೇಳೆಯಲ್ಲಿ ಆಟವಾಡಿ ಯಂತ್ರವನ್ನು ನಿಧಾನಮಾಡಬಾರದೆಂದು ಈ ಕಟ್ಟು. ಮನೆಯಲ್ಲಿ ಒಬ್ಬನೇ ಇಟ್ಟುಕೊಂಡ ಯಂತ್ರಕ್ಕೆ ಇದೇಕೆ? ಅನೇಕರು ಆ ಭಾಗವನ್ನು ಕಿತ್ತುಹಾಕಿದರು, ತಪ್ಪೆನ್ನಲಾಗದು. ಅದೇ ಹಿಂದೆ ಹೇಳಿದ ಐದಕ್ಷರದ ಕಟ್ಟನ್ನು ನೋಡಿ. ಅದೂ ಯಂತ್ರದ ಅಗಲದಿಂದ ಹುಟ್ಟಿದ್ದೇ. ಆದರೆ ಆಡುವವರ ಬೆರಳಿಗೆ ಅದು ರೂಢಿಯಾಗಿಹೋಯಿತು. ಪದಗಳನ್ನು ಆರಿಸುವಾಗಲೂ ಅದು ಲೆಕ್ಕಕ್ಕೆ ಬಂತು. ಇದು ಛಂದಸ್ಸಿನ ಹಾಗೆ. ಮೊದಲು ಹೊರಗಿನ ಕಟ್ಟು, ಬರಬರುತ್ತ ಒಳಗಿನ ಲಕ್ಷಣ. ಇನ್ನು ಗುಹೆಯಲ್ಲಿ ಒಂದು ಮಂತ್ರಪದವುಂಟು: 'ಎಕ್ಸ್‌ವೈಝಡ್‌ಝಡ್‌ವೈ'. ಇಂಗ್ಲಿಷಿನಲ್ಲಿ ಸರಿಯಾಗಿ ಐದಕ್ಷರ. ಅರ್ಥ ಯಾವುದೂ ಇಲ್ಲ. ಅದನ್ನುಚ್ಚರಿಸಿದರೆ ಗುಹೆಯೊಳಗಿನಿಂದ ಕಟ್ಟಡಕ್ಕೆ ಹಾರಿ ಬರಬಹುದು. ಕೋಣೆಗಳನ್ನು ಕೂಡಿಸಿದ, ಕಳೆದ ಲಿಪಿಕಾರರೂ ಈ ಅರ್ಥವಿಲ್ಲದ ಪದವನ್ನು ಮಾತ್ರ ಮುಟ್ಟದೆ ಮುಂದಿನವರಿಗೆ ಒಪ್ಪಿಸಿದ್ದಾರೆ.

ಪ್ರೋಗ್ರಾಮು ಕೆಡುವುದೇಕೆ ಎಂದು ನಾನು ಹುಡುಗನನ್ನು ಕೇಳಿದೆ. ಓಲೆಗೆ ಹುಳು ಬೀಳುತ್ತದೆ, ಕಾಗದ ಹಳದಿಯಾಗುತ್ತದೆ. ಕೋಡಿಗೆ ಏನಾಗುತ್ತದೆ? "ಅದಕ್ಕೇನೂ ಆಗಲ್ಲ ಸಾರ್, ಸುತ್ತ ಇರೋದು ಬದಲಾಗುತ್ತೆ" ಎಂದ. ಎಷ್ಟು ಸರಿಯಾದ ಮಾತು! ಪಿ.ಡಿ.ಪಿ.-10ರ ಮುಂದಿನ ಪೀಳಿಗೆಯ ಯಂತ್ರವನ್ನು ಅದನ್ನು ತಯಾರಿಸುತ್ತಿದ್ದ ಸಂಸ್ಥೆ 1983ರಲ್ಲಿ ಕೈಬಿಟ್ಟಿತು. 36 ಬಿಟ್ಟಿನ ಕಂತೆ ಹೋಗಿ 16, 32, 64ರ ಕಂತೆಗಳು ಬಂದವು. ಕೋಡು ಇದ್ದಲ್ಲಿಯೇ ಇದೆ. ಅದು ಮಾತನಾಡುತ್ತಿದ್ದ ಯಂತ್ರವೇ ತೀರಿಹೋಯಿತು. ಕೇಳುವವರಿಲ್ಲದ ಭಾಷೆಯ ಗತಿಯೇ ಅದಕ್ಕೂ. ಆದ್ದರಿಂದ ಪ್ರೋಗ್ರಾಮನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುವೆನೆಂದರೆ ಆಗದು. ಯಂತ್ರ ಬದಲಾದ ಹಾಗೆಲ್ಲ ಯಾರೋ ಒಬ್ಬರು ಕುಳಿತು, ಓದಿ, ಅರ್ಥಮಾಡಿಕೊಂಡು, ಹೊಸ ಪ್ರತಿ ಮಾಡುತ್ತಿರಬೇಕು.

ಹೀಗೆ ಪ್ರತಿ ಮಾಡಿದವರಲ್ಲಿ ಇಬ್ಬರ ವಿಷಯ ಹೇಳಬೇಕು. ಒಬ್ಬರು ಡೊನಾಲ್ಡ್ ಕ್ನೂತ್, ಕಂಪ್ಯೂಟರ್ ಶಾಸ್ತ್ರದಲ್ಲಿ ಆಚಾರ್ಯಸ್ಥಾನದಲ್ಲಿರುವವರು. ಅವರು 1998ರಲ್ಲಿ 350ರ ಆಟವನ್ನು ತಾವೇ ಮತ್ತೆ ಬರೆದರು. ಅವರ ಪದ್ಧತಿಯಲ್ಲಿ ಕೋಡೂ ಅದರ ವಿವರಣೆಯೂ ಒಂದೇ ಗ್ರಂಥದಲ್ಲಿ ಹೆಣೆದುಕೊಂಡಿರುತ್ತವೆ. ಮನುಷ್ಯ ಅದನ್ನು ಪ್ರಬಂಧದಂತೆ ಓದಬಹುದು, ಯಂತ್ರ ಅದನ್ನೇ ಪ್ರೋಗ್ರಾಮಾಗಿ ನಡೆಸಬಹುದು. ಮೂಲವೂ ಟೀಕೆಯೂ ಒಂದೇ ಓಲೆಯಲ್ಲಿರುವ ನಮ್ಮ ಸಟೀಕಾ ಪ್ರತಿಗಳು ನನಗೆ ನೆನಪಾದವು.

ಇನ್ನೊಬ್ಬರು ಎರಿಕ್ ರೇಮಂಡ್. ವುಡ್ಸ್ ತನ್ನ ಆಟವನ್ನು ಕೊನೆಯದಾಗಿ 1995ರಲ್ಲಿ 430 ಅಂಕಗಳಿಗೆ ವಿಸ್ತರಿಸಿದ್ದ. ಅದರ ಸಿ ರೂಪ ಫೋರ್ಟ್ರಾನಿನಿಂದ ಯಂತ್ರವೇ ಮಾಡಿದ ಅನುವಾದ. ಇಲ್ಲಿಂದ ಅಲ್ಲಿಗೆ ನೆಗೆ, ಅಲ್ಲಿಂದ ಇಲ್ಲಿಗೆ ನೆಗೆ ಎಂಬ ಅಪ್ಪಣೆಗಳು ತುಂಬಿ, ಅದರಲ್ಲಿ ದಾರಿ ಹುಡುಕುವುದೇ ಒಂದು ಗುಹಾಪ್ರವೇಶವಾಗಿತ್ತು. ಕ್ರೌಥರ್ ಮತ್ತು ವುಡ್ಸರ ಒಪ್ಪಿಗೆ ಪಡೆದು ರೇಮಂಡ್ 2017ರಲ್ಲಿ ಇದನ್ನು 'ಓಪನ್ ಅಡ್ವೆಂಚರ್' ಎಂದು ಸರ್ವರಿಗೂ ಮುಕ್ತವಾಗುವ ಪರವಾನಗಿಯಲ್ಲಿ ಪ್ರಕಟಿಸಿದರು. ಅನೇಕರು ಕೈಜೋಡಿಸಿದರು. ಅವರ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ಮೂರು ಅಂಶಗಳಲ್ಲಿ ಹೇಳುತ್ತೇನೆ.

ಮೊದಲನೆಯದು, ಗುಹೆಯ ವರ್ಣನೆ, ವಸ್ತುಗಳ ಹೆಸರು, ದಾರಿಗಳ ಪಟ್ಟಿ ಇವನ್ನೆಲ್ಲ ಯಂತ್ರದ ಅಪ್ಪಣೆಗಳಿಂದ ಬಿಡಿಸಿ, ಸಾಮಾನ್ಯ ಮನುಷ್ಯನೂ ಓದಬಹುದಾದ ಒಂದು ಕಡತದಲ್ಲಿಟ್ಟರು. ಎರಡನೆಯದು, ಹಳೆಯ ನಡೆಯನ್ನು ಹಾಗೆಯೇ ಉಳಿಸಲು ಒಂದು ಗುಂಡಿಯನ್ನಿಟ್ಟರು. ಇಂದಿನವರ ಅನುಕೂಲಕ್ಕೆ ಕೆಲವು ಸಣ್ಣ ಮಾರ್ಪಾಟು ಮಾಡಿದ್ದಾರೆ; ಬೇಡವೆಂದವನು ಹಳೆಯ ಶೈಲಿಯೆಂದು ಸೂಚಿಸಿದರೆ ಆಟ ಹಿಂದಿನಂತೆಯೇ ಕಾಣಿಸಿಕೊಳ್ಳುತ್ತದೆ. ಪಾಠವನ್ನು ತಿದ್ದಿದರೂ ಪಾಠಾಂತರವನ್ನು ಅಡಿಯಲ್ಲಿ ಕೊಟ್ಟಂತೆ. ಮೂರನೆಯದೇ ಮುಖ್ಯ. ಗುಹೆಯಲ್ಲಿ ಕುಳ್ಳರು ಎಲ್ಲಿಂದ ಬರುತ್ತಾರೆ, ಅವರೆಸೆದ ಕತ್ತಿ ತಗಲುತ್ತದೆಯೋ ಇಲ್ಲವೋ ಎಂಬುದೆಲ್ಲ ಅದೃಷ್ಟ. ಆದರೆ ಕಂಪ್ಯೂಟರಿನ ಅದೃಷ್ಟವೂ ಲೆಕ್ಕವೇ. ಹಿಂದಿನ ಸಂಖ್ಯೆಯನ್ನು 1093ರಿಂದ ಗುಣಿಸಿ, 221587 ಕೂಡಿಸಿ, 1048576ರಿಂದ ಭಾಗಿಸಿ, ಉಳಿದ ಶೇಷವೇ ಮುಂದಿನ ಸಂಖ್ಯೆ. ಇದಕ್ಕಿಂತ ಉತ್ತಮವಾದ ಲೆಕ್ಕಗಳು ಈಗ ಹೇರಳವಾಗಿವೆ. ಆದರೂ ಇದನ್ನು ಬದಲಿಸಲಿಲ್ಲ. ಏಕೆಂದರೆ ಮೊದಲ ಸಂಖ್ಯೆ ಒಂದೇ ಆದರೆ, ಯಾವ ಯಂತ್ರದಲ್ಲಿ ಆಡಿದರೂ ಅದೇ ಕುಳ್ಳ ಅದೇ ಮೂಲೆಯಿಂದ ಬರುತ್ತಾನೆ. ಆಡುವವನ ಅಪ್ಪಣೆಗಳನ್ನೆಲ್ಲ ಬರೆದಿಟ್ಟ ಕಡತಗಳು ಅವರಲ್ಲಿವೆ. ಕೋಡಿನಲ್ಲಿ ಒಂದು ಸಾಲು ತಿದ್ದಿದರೂ ಆ ಆಟಗಳನ್ನೆಲ್ಲ ಯಂತ್ರದಿಂದಲೇ ಮತ್ತೆ ಆಡಿಸಿ, ಬಂದ ಉತ್ತರವನ್ನು ಹಿಂದಿನ ಉತ್ತರದೊಡನೆ ಅಕ್ಷರಕ್ಕಕ್ಷರ ತಾಳೆ ನೋಡುತ್ತಾರೆ. ಒಂದು ಅಲ್ಪವಿರಾಮ ಹೆಚ್ಚಾಗಿದ್ದರೂ ಸಿಕ್ಕಿಬೀಳುತ್ತದೆ. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಿ ಎಂದು ಕೈಮುಗಿದು ಬಿಡುತ್ತಿದ್ದ ನಮ್ಮ ಲಿಪಿಕಾರನಿಗೆ ಇಂಥದೊಂದು ಸೌಕರ್ಯವಿದ್ದಿದ್ದರೆ!

ಮೂಲಪ್ರತಿಯ ಶೋಧವೂ ಇಲ್ಲಿ ಒಂದು ಅಧ್ಯಾಯ. ವುಡ್ಸ್ ಬೆಳೆಸಿದ ಆಟ ಎಲ್ಲೆಡೆ ಹಬ್ಬಿ, ಕ್ರೌಥರನ ಮೊದಲ ಕೋಡು ಕಳೆದೇಹೋಯಿತೆಂದು ಬಹುಕಾಲ ತಿಳಿದಿದ್ದರು. 2005ರಲ್ಲಿ, ವುಡ್ಸ್ ವಿದ್ಯಾರ್ಥಿಯಾಗಿದ್ದಾಗಿನ ಕಡತಗಳ ಸ್ಟ್ಯಾನ್‌ಫರ್ಡಿನ ಹಳೆಯ ಪ್ರತಿಯೊಂದರಲ್ಲಿ ಅದು ಸಿಕ್ಕಿತು. ಡೆನಿಸ್ ಜೆರ್ಜ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಆ ಮೂಲವನ್ನು ನಿಜವಾದ ಗುಹೆಯೊಡನೆ ಹೋಲಿಸಲು ತಾವೇ ಕೆಂಟಕಿಗೆ ಹೋಗಿ ಒಳಹೊಕ್ಕು ನೋಡಿ, 2007ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ಸಾಹಿತ್ಯದ ಮೇಷ್ಟರೊಬ್ಬರು ಪಾಠನಿರ್ಣಯಕ್ಕಾಗಿ ಗುಹೆ ಹೊಕ್ಕರೆಂಬುದನ್ನು ಓದಿ, ನಾನೂ ಆ ವೃತ್ತಿಯವನೆಂದು ಸ್ವಲ್ಪ ಬೀಗಿದೆನೆಂದರೆ ವಾಚಕರು ಕ್ಷಮಿಸಬೇಕು.

ಬೀಗಿದ್ದರ ಫಲವಾಗಿ ಒಂದು ಮಾತು ಬಾಯಿಂದ ಬಂತು: "ಇದನ್ನ ಕನ್ನಡಕ್ಕೆ ತರಬಹುದೇನಪ್ಪಾ?" ಹುಡುಗ ನಕ್ಕು, "ಬನ್ನಿ ಸಾರ್, ನೋಡೇಬಿಡೋಣ" ಎಂದ. ಮುಂದಿನ ನಾಲ್ಕಾರು ಭಾನುವಾರಗಳು ಹೀಗೆಯೇ ಕಳೆದವು. ಇದು ನಮ್ಮ ಮನೆಯ ಮಟ್ಟದ ಪ್ರಯೋಗ, ಎಲ್ಲಿಯೂ ಪ್ರಕಟವಾದದ್ದಲ್ಲ. ಮಾತಿನ ಕಡತ ಬೇರೆಯಿದ್ದುದರಿಂದ ನಾನು ಅದರ ಅನುವಾದಕ್ಕೆ ಕುಳಿತೆ. ಮೊದಲು ಕಾದಿದ್ದುದು ಒಂದು ಸಂತೋಷ. ಇಂಗ್ಲಿಷಿನಲ್ಲಿ ಕ್ರಿಯೆ ಮುಂದೆ, ಕರ್ಮ ಹಿಂದೆ. ನಮ್ಮಲ್ಲಿ 'ದೀಪ ತೆಗೆದುಕೊ' ಎಂದು ಕರ್ಮವೇ ಮುಂದೆ. ಇದಕ್ಕೆ ಯಂತ್ರ ಒಪ್ಪುವುದಿಲ್ಲವೆಂದುಕೊಂಡಿದ್ದೆ. ಆದರೆ ವುಡ್ಸನ ಪದಕೋಶದಲ್ಲಿ ಪ್ರತಿಯೊಂದು ಪದಕ್ಕೂ ಒಂದು ಸಂಖ್ಯೆಯಿತ್ತು: ಸಾವಿರದೊಳಗಿನವು ಚಲನೆಯ ಪದಗಳು, ಸಾವಿರದವು ವಸ್ತುಗಳು, ಎರಡು ಸಾವಿರದವು ಕ್ರಿಯೆಗಳು. ಯಾವ ಪದ ನಾಮ, ಯಾವುದು ಕ್ರಿಯೆ ಎಂದು ಸಂಖ್ಯೆಯಿಂದಲೇ ತಿಳಿಯುವುದರಿಂದ ಯಾವುದು ಮುಂದೆ ಬಂದರೂ ಅದಕ್ಕೆ ಬಾಧಕವಿಲ್ಲ. ಈ ಗುಣವನ್ನು ಹೊಸ ಕೋಡಿನಲ್ಲಿಯೂ ಉಳಿಸಿಕೊಂಡಿದ್ದರು. ಯಾವನೋ ಒಬ್ಬ ಅಮೆರಿಕದ ತರುಣ, ಕನ್ನಡದ ಹೆಸರು ಕೇಳದವನು, ನಮ್ಮ ವಾಕ್ಯಕ್ರಮಕ್ಕೆ ಬಾಗಿಲು ತೆರೆದಿಟ್ಟಿದ್ದ.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಕೀಲಿಯಿಂದ ಜಾಲರಿ ತೆಗೆದು ಇಳಿದೆ. ಕರಿಯ ಕೋಲು ಸಿಕ್ಕಿತು. ಹಕ್ಕಿಯ ಬಳಿ ಬಂದು, ಕೋಲನ್ನು ಕೆಳಗಿಡಬೇಕೆಂದು ಗೊತ್ತಿದ್ದುದರಿಂದ 'ಕೋಲು ಇಡು' ಎಂದೆ. ಅದು ಕೀಲಿಯನ್ನು ಕೆಳಗಿಟ್ಟಿತು! ಮತ್ತೆ 'ಕೋಲು ಇಡು' ಎಂದರೆ ಕೀಲಿ ನಿನ್ನ ಕೈಯಲ್ಲಿಲ್ಲ ಎಂಬ ಉತ್ತರ. ಕೋಲು ಕೈಬಿಡದೆ ಹಕ್ಕಿ ಸಿಕ್ಕದು. ಹಕ್ಕಿ ಸಿಕ್ಕದೆ ಹಾವು ಕದಲದು. ಆಟ ಅಲ್ಲಿಗೆ ನಿಂತಿತು.

ಹುಡುಗ ಕಾರಣವನ್ನು ಹುಡುಕಿ ಹೇಳಿದಾಗ ನಾನು ಬೆರಗಾದೆ. ಅದೇ ಹಳೆಯ ಐದಕ್ಷರದ ಕಟ್ಟು! ಇಂದು ಲೋಕದ ಲಿಪಿಗಳಿಗೆಲ್ಲ ಯುನಿಕೋಡ್ ಎಂಬ ಒಂದೇ ಕ್ರಮಾಂಕ ಪದ್ಧತಿಯುಂಟು. ಅದನ್ನು ಕಡತದಲ್ಲಿ ಬರೆಯುವ ಸಾಮಾನ್ಯ ರೀತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು 'ಬೈಟ್' ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕೋಡು ಐದು ಅಕ್ಷರ ನೋಡುತ್ತೇನೆಂದುಕೊಂಡು ಐದು ಬೈಟ್ ನೋಡುತ್ತಿತ್ತು. 'ಕೀಲಿ' ಎಂಬಲ್ಲಿ ಮೊದಲ ಮೂರು ಬೈಟ್ ಕಕಾರ. ಮುಂದಿನ ಮೂರು ದೀರ್ಘ ಈಕಾರದ ಗುಣಿತಚಿಹ್ನೆ. ಅದರಲ್ಲಿ ಎರಡನ್ನು ಮಾತ್ರ ಓದಿ ಕೈಬಿಡುತ್ತದೆ. 'ಕೋಲು' ಎಂಬಲ್ಲಿಯೂ ಮೊದಲ ಮೂರು ಕಕಾರ, ಮುಂದಿನ ಮೂರು ಓಕಾರ. ಆ ಎರಡು ಗುಣಿತಚಿಹ್ನೆಗಳಿಗೆ ಮೊದಲ ಎರಡು ಬೈಟ್ ಒಂದೇ. ವ್ಯತ್ಯಾಸವಿರುವುದು ಮೂರನೆಯದರಲ್ಲಿ, ಯಂತ್ರ ನೋಡದೆ ಬಿಟ್ಟ ಬೈಟಿನಲ್ಲಿ. ಹೀಗೆ ಅದಕ್ಕೆ ಕೀಲಿಯೂ ಕೋಲೂ ಒಂದೇ ಆಯಿತು. ಐವತ್ತು ವರ್ಷದ ಹಿಂದೆ ಕೇಂಬ್ರಿಜಿನ ಒಂದು ಯಂತ್ರದಲ್ಲಿ ಅಕ್ಷರಕ್ಕೆ ಏಳು ಬಿಟ್ ಎಂದು ಮಾಡಿದ ಲೆಕ್ಕ, ಯಂತ್ರ ಸತ್ತ ಮೇಲೂ ಪ್ರತಿಯಿಂದ ಪ್ರತಿಗೆ ಹರಿದುಬಂದು, ನನ್ನ ಮನೆಯ ಮೇಜಿನ ಮೇಲೆ ಕನ್ನಡದ ಕಾಗುಣಿತವನ್ನು ಕೊಯ್ದಿತ್ತು.

ತಿದ್ದುವುದು ಕಷ್ಟವಾಗಲಿಲ್ಲ. ಕನ್ನಡದ ಪದಗಳನ್ನು ಐದಕ್ಕೆ ಕತ್ತರಿಸದೆ ಪೂರ್ತಿ ಹೋಲಿಸುವಂತೆ ಹುಡುಗ ಒಂದೆರಡು ಸಾಲು ಬದಲಿಸಿದ. ಇಂಗ್ಲಿಷಿನ ಪದಗಳಿಗೆ ಮಾತ್ರ ಹಳೆಯ ಕಟ್ಟನ್ನು ಹಾಗೆಯೇ ಬಿಟ್ಟ. "ಅದು ಅವರ ಛಂದಸ್ಸು, ಸಾರ್. ನಾವ್ಯಾಕೆ ಮುರಿಯೋಣ?" ಎಂದ. ಮಂತ್ರಪದವನ್ನು ನಾನು ಅನುವಾದಿಸಲಿಲ್ಲ, ಮಂತ್ರಕ್ಕೆ ಅನುವಾದವಿಲ್ಲ. ಆಮೇಲೆ ಹಳೆಯ ಆಟದ ಕಡತಗಳನ್ನೆಲ್ಲ ಮತ್ತೆ ಆಡಿಸಿ ತಾಳೆ ನೋಡಿದ. ಎಲ್ಲವೂ ಸರಿಹೋದವು. ಹಕ್ಕಿ ಪಂಜರಕ್ಕೆ ಬಂತು, ಹಾವು ಓಡಿತು.

ಗುರುಗಳ ಪದಕೋಶವೂ ಇದೇ ಬಗೆಯ ರೋಗಿ. 2003ರಲ್ಲಿ ನಾನು ಬಳಸಿದ್ದ ಅಕ್ಷರವಿನ್ಯಾಸ ಯುನಿಕೋಡಿನದಲ್ಲ. ಪರದೇಶದ ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕಣ್ಣಿಗೆ ಕನ್ನಡವೆನ್ನಿಸುವ ಉಪಾಯ ಅದು. ಆ ವಿನ್ಯಾಸದ ಕಡತ ಕಳೆದುಹೋದ ಮೇಲೆ ಉಳಿದದ್ದು ಪರದೇಶದ ಚಿಹ್ನೆಗಳೇ. ತಪ್ಪು ಯಾರದೂ ಅಲ್ಲ, ನನ್ನದು. ಇಪ್ಪತ್ತು ವರ್ಷ ಅದನ್ನೊಮ್ಮೆ ತೆರೆದು ನೋಡಲಿಲ್ಲ, ಹೊಸ ಪ್ರತಿ ಮಾಡಲಿಲ್ಲ. ಬರೆದಿಟ್ಟರೆ ಉಳಿಯಿತೆಂದು ನಂಬಿದೆ. ಯಾವ ಚಿಹ್ನೆಗೆ ಯಾವ ಕನ್ನಡದ ತುಂಡೆಂದು ಹುಡುಗ ಪಟ್ಟಿ ಮಾಡಿ ಯಂತ್ರಕ್ಕೆ ಕೊಟ್ಟ. ಹೆಚ್ಚಿನ ಪದಗಳು ಎದ್ದುಬಂದವು. ಆದರೆ ಹಳೆಯ ವಿನ್ಯಾಸದಲ್ಲಿ ಅರ್ಕಾವತ್ತು ಅಕ್ಷರದ ಅನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರೇಫ ಮೊದಲು ಬರಬೇಕು. ಅಂಥ ಕಡೆಗಳಲ್ಲಿ ಯಂತ್ರ ತೊಡರಿತು. 'ಕೂರ್ಗೆ', 'ನೇರ್ಪು' ಎಂಬಂಥ ಪದಗಳನ್ನು ಬಲ್ಲವನು ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಹೇಳಬೇಕಾಯಿತು. ನಾನು ಕುಳಿತೆ. ಗುರುಗಳ ದನಿ ಪ್ರತಿ ಪದದಲ್ಲಿಯೂ ಕೇಳಿಸುತ್ತಿತ್ತು.

ಕೆಲವು ಪದಗಳು ಎಷ್ಟು ನೋಡಿದರೂ ನಿರ್ಣಯವಾಗಲಿಲ್ಲ. ನೋಟುಪುಸ್ತಕವಿದ್ದಿದ್ದರೆ ಒಂದು ನಿಮಿಷದ ಕೆಲಸ. ಊಹಿಸಿ ತುಂಬಿಬಿಡೋಣವೇ ಎಂದು ಮನಸ್ಸು ಒಮ್ಮೆ ಹೇಳಿತು. ಬೇಡವೆಂದು ಅವುಗಳ ಮುಂದೆ ನಕ್ಷತ್ರಚಿಹ್ನೆಯಿಟ್ಟು, ಪಾಠ ಸಂದಿಗ್ಧವೆಂದು ಬರೆದೆ. ಮುಂದೆ ಯಾರಾದರೂ ಆ ಹಳ್ಳಿಗಳಿಗೆ ಹೋಗಿ ಕೇಳಿ ತಿದ್ದಲಿ.

ಕಂಪ್ಯೂಟರಿನ ಲೋಕದಲ್ಲಿ ಹೊಸದನ್ನು ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ಹಳೆಯದು ನಡೆಯುವಂತೆ ನೋಡಿಕೊಂಡವರ ಹೆಸರು ಕೋಡಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಇಲ್ಲವೇ ಅದೂ ಇರುವುದಿಲ್ಲ. ನಮ್ಮ ಪ್ರಾಚೀನ ಕಾವ್ಯಗಳನ್ನು ನಮಗೆ ಮುಟ್ಟಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಹುಡುಗ ಹೊರಡುವಾಗ, "ಸಾರ್, ಐದು ವರ್ಷಕ್ಕೊಂದು ಸಲನಾದ್ರೂ ತೆಗೆದು ಓದಿ" ಎಂದು ಹೇಳಿ, ಪದಕೋಶದ ಮೂರು ಪ್ರತಿಗಳನ್ನು ಮೂರು ಕಡೆ ಇಡುವಂತೆ ಮಾಡಿಹೋದ. ನಾಲ್ಕನೆಯದನ್ನು ನಾನು ಕಾಗದದ ಮೇಲೆ ಅಚ್ಚುಹಾಕಿಸಿ, ಗುರುಗಳ ಮನೆಗೆ ಹೋಗಿ ಅವರ ಮಗಳ ಕೈಯಲ್ಲಿಟ್ಟೆ. ಆಕೆ ಒಂದು ಹಾಳೆ ತ��ರುವಿ, "ಇದೇನು ಮೇಷ್ಟ್ರೇ, ಇಲ್ಲಿ ಚುಕ್ಕಿ?" ಎಂದು ನಕ್ಷತ್ರದ ಮೇಲೆ ಬೆರಳಿಟ್ಟು, ಪದವನ್ನು ಒಮ್ಮೆ ಮೆಲ್ಲಗೆ ಓದಿಕೊಂಡರು. ಅನಂತರ, ಸಂದೇಹವೇ ಇಲ್ಲವೆಂಬಂತೆ, ಸರಿಯಾದ ಪಾಠವನ್ನು ಹೇಳಿಬಿಟ್ಟರು.